ರೋಗ ಸೊಸೆಗೆ, ದಂಡ ತವರಿಗೆ?

ಸೊಸೆಯ ಮೈಮೇಲೆ ಬಿಳಿ ಮಚ್ಚೆ ಕಂಡರೆ ಸಾಕು, “ವಂಶದ ರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟಿರಿ” ಎಂದು ತವರಿನವರನ್ನು ಕರೆಸುತ್ತಾರೆ. ಕೀಲು ಊದಿದರೂ ಇದೇ ಮಾತು, ಉಬ್ಬಸ ಬಂದರೂ ಇದೇ ಮಾತು. ಕೊನೆಗೆ ಅದು ಬಂದು ನಿಲ್ಲುವುದು ಹಣದ ಮೇಲೆ: ಇನ್ನಷ್ಟು ಕೊಡಿ, ಇಲ್ಲವೇ ಮಗಳನ್ನು ಕರೆದುಕೊಂಡು ಹೋಗಿ! ಗೆಳತಿಯರೇ, ಇದು ವರದಕ್ಷಿಣೆಯ ಇನ್ನೊಂದು ವೇಷವಲ್ಲದೆ ಮತ್ತೇನು?

ಈ ಆಪಾದನೆಯಲ್ಲಿ ಹುರುಳಿದೆಯೇ? ತೊನ್ನು, ಲೂಪಸ್, ರುಮಟಾಯ್ಡ್ ಸಂಧಿವಾತ ಇವೆಲ್ಲ ರೋಗನಿರೋಧಕ ಶಕ್ತಿ ದಾರಿತಪ್ಪಿ ತನ್ನದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಗಳು. ಅಲರ್ಜಿಯಲ್ಲಿ ಅದೇ ಶಕ್ತಿ ದೂಳು, ಪರಾಗದಂಥ ವಸ್ತುಗಳ ಮೇಲೆ ಹರಿಹಾಯುತ್ತದೆ. ಇವು ಯಾವುವೂ ಮುಟ್ಟಿದರೆ ಅಂಟುವುದಿಲ್ಲ. ವಂಶವಾಹಿಗಳ ಪಾತ್ರವಿದೆ, ನಿಜ. ಆದರೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದೇ ವಂಶವಾಹಿಗಳನ್ನು ಹೊತ್ತು ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ತೊನ್ನು ಇದ್ದರೆ ಇನ್ನೊಬ್ಬರಿಗೂ ಇದ್ದದ್ದು ಶೇಕಡಾ 23ರಷ್ಟು ಮಾತ್ರ. ಎಲ್ಲವೂ ವಂಶದ್ದೇ ಆಗಿದ್ದರೆ ಇಬ್ಬರಿಗೂ ಬರಬೇಕಿತ್ತಲ್ಲವೇ?

ಉಳಿದದ್ದರಲ್ಲಿ ಒಂದು ಪಾಲನ್ನು ವಿವರಿಸುವುದು ಎಪಿಜೆನೆಟಿಕ್ಸ್ ಎಂಬ ವಿಜ್ಞಾನ. ನಮ್ಮ ಸಂಘದ ಠರಾವು ಪುಸ್ತಕದಲ್ಲಿ ಬರೆದದ್ದೆಲ್ಲ ಜಾರಿಗೆ ಬರುವುದಿಲ್ಲ. ಹಾಗೆಯೇ ವಂಶವಾಹಿಯ ಬರಹ ಬದಲಾಗದಿದ್ದರೂ, ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಅದರ ಮೇಲಿನ ರಾಸಾಯನಿಕ ಗುರುತುಗಳು ಪ್ರಭಾವಿಸುತ್ತವೆ. ತಂಬಾಕಿನ ಹೊಗೆ, ಆಹಾರ, ದೀರ್ಘಕಾಲದ ಭಯ ಈ ಗುರುತುಗಳನ್ನು ಬದಲಿಸಬಲ್ಲವು.

ಆ ಭಯ ಯಾರು ಕೊಟ್ಟದ್ದು? 2011ರಲ್ಲಿ ಜರ್ಮನಿಯ ಸಂಶೋಧಕರು, ಬಸಿರಿನಲ್ಲಿ ಸಂಗಾತಿಯ ಹಿಂಸೆ ಉಂಡ ತಾಯಂದಿರ ಮಕ್ಕಳನ್ನು ಪರೀಕ್ಷಿಸಿದರು. ಹತ್ತು ವರ್ಷ ದಾಟಿದ ಆ ಮಕ್ಕಳಲ್ಲಿ, ಒತ್ತಡದ ಹಾರ್ಮೋನಿಗೆ ಸ್ಪಂದಿಸುವ ವಂಶವಾಹಿಯ ಮೇಲೆ ಇಂಥ ಗುರುತುಗಳು ಹೆಚ್ಚಾಗಿದ್ದವು. ರೋಗನಿರೋಧಕ ಶಕ್ತಿಗೆ ಕಡಿವಾಣ ಹಾಕುವುದೂ ಅದೇ ಹಾರ್ಮೋನು. ನಮ್ಮ ದೇಶದ 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಪರಿಶೀಲಿಸಿದ 2007ರ ಅಧ್ಯಯನ, ಮನೆಯಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಆಸ್ತಮಾ ಹೆಚ್ಚೆಂದು ಕಂಡುಕೊಂಡಿತು. ಇವು ನಂಟನ್ನು ತೋರಿಸುತ್ತವೆ, ಹಿಂಸೆಯೇ ಕಾರಣವೆಂದು ಪೂರ್ತಿ ಸಾಬೀತು ಮಾಡುವುದಿಲ್ಲ. ಆದರೆ ಸೊಸೆಯ ವಂಶವನ್ನು ಹಳಿಯುವವರ ಕೈಯಲ್ಲಿ ಇಷ್ಟು ಪುರಾವೆಯೂ ಇಲ್ಲ!

ಎಚ್ಚರ! ನಾಳೆ ಇದೇ ವಿಜ್ಞಾನವನ್ನು ಹಿಡಿದು “ತಾಯಿಯೇ ಮಗುವನ್ನು ಕೆಡಿಸಿದಳು” ಎನ್ನುವವರೂ ಬರುತ್ತಾರೆ. ಈ ಗುರುತು ಹಣೆಬರಹವಲ್ಲ. ಹೊಡೆದ ಕೈಯನ್ನು ಬಿಟ್ಟು ಹೊಡೆತ ತಿಂದ ಮೈಯನ್ನು ದೂರುವುದು ಯಾವ ನ್ಯಾಯ?

ಇನ್ನು ಮುಂದೆ ಪಂಚಾಯಿತಿಯಲ್ಲಿ “ವಂಶದ ರೋಗ” ಎಂಬ ಮಾತು ಬಂದರೆ ನಮ್ಮ ಸಂಘಗಳು ಎದ್ದು ನಿಲ್ಲಬೇಕು. ರೋಗದ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕೊಡಬಾರದು. ವರದಕ್ಷಿಣೆಗಾಗಿ ಪೀಡಿಸುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಹಿಂಸೆಯೇ. ಹಿಂಸೆಯಿಂದಾದ ಚಿಕಿತ್ಸೆಯ ಖರ್ಚನ್ನು ಗಂಡನಿಂದ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಕಾಯಿಲೆ ಬಿದ್ದ ಹೆಣ್ಣಿಗೆ ಬೇಕಾದದ್ದು ವೈದ್ಯರು, ಔಷಧಿ, ಭಯವಿಲ್ಲದ ಮನೆ. ಅದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.