ಹಳೇ ರಸ್ತೆಯಲ್ಲಿ ನಮಗೂ ಒಂದು ಪಾಲು

ನಾನು ದಿನವೂ ಕಾಲೇಜಿಗೆ ತುಳಿದುಕೊಂಡು ಬರುವ ಸೈಕಲ್ ಆಪಾನದು. ಅವರು ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರದಿಂದ ಬಂದದ್ದು. 2006-07ರಲ್ಲಿ ಶುರುವಾದ ಆ ಯೋಜನೆ ಕೊರೊನಾ ಕಾಲದಲ್ಲಿ ನಿಂತಿತು, ನಮ್ಮ ಬ್ಯಾಚಿಗೆ ಸೈಕಲ್ ಸಿಗಲಿಲ್ಲ. ಆಪಾ ಮದುವೆಯಾಗಿ ಹೋದರು, ಸೈಕಲ್ ನನ್ನ ಪಾಲಿಗೆ ಉಳಿಯಿತು. ಚೈನ್ ಕವರ್ ಇಲ್ಲ, ಬೆಲ್ ಇಲ್ಲ, ಆದರೂ ಓಡುತ್ತದೆ.

ನಮ್ಮ ಮನೆ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹಳೇ ಬೆಂಗಳೂರು–ಮೈಸೂರು ರಸ್ತೆಯ ಪಕ್ಕದಲ್ಲಿದೆ. 2023ರ ಮಾರ್ಚ್ 12ರಂದು ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದರ ಬೈಪಾಸ್ ಎರಡೂ ಊರುಗಳನ್ನು ಬಿಟ್ಟು ಹೊರಗಿನಿಂದ ಹೋಗುತ್ತದೆ. ಅಪಘಾತಗಳು ಹೆಚ್ಚಿದಾಗ ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್, ಸೈಕಲ್‌ಗಳನ್ನು ನಿಷೇಧಿಸಿದರು. ಅದು ಸರಿಯೇ. ಗಂಟೆಗೆ ನೂರು ಕಿಲೋಮೀಟರ್ ವೇಗದ ಕಾರುಗಳ ನಡುವೆ ಸೈಕಲ್ ತುಳಿಯುವ ಆಸೆ ನನಗಂತೂ ಇಲ್ಲ. ನನ್ನ ತಕರಾರು ಇರುವುದು ಹಳೇ ರಸ್ತೆಯ ಬಗ್ಗೆ. ದೂರದ ಲಾರಿ, ಕಾರುಗಳೆಲ್ಲ ಬೈಪಾಸ್ ಹಿಡಿದ ಮೇಲೆ ನಮ್ಮ ನಾಲ್ಕು ಪಥದ ರಸ್ತೆಯಲ್ಲಿ ಜಾಗ ಉಳಿಯಿತು. ಆ ಜಾಗ ಯಾರಿಗೆ ಎಂದು ಯಾರೂ ತೀರ್ಮಾನಿಸಲಿಲ್ಲ. ಹಾಗಾಗಿ ಅದು ಪಾರ್ಕಿಂಗ್‌ಗೆ ಹೋಗುತ್ತಿದೆ. ಇಲ್ಲವೇ ಉಳಿದ ವಾಹನಗಳು ಇನ್ನಷ್ಟು ಜೋರಾಗಿ ಓಡಲು ಬಳಕೆಯಾಗುತ್ತಿದೆ.

ಪಿಯು ಓದುವ ನಮಗೆ ಇದು ದೊಡ್ಡ ವಿಷಯ ಏಕೆಂದರೆ, ನಮ್ಮಲ್ಲಿ ಹೆಚ್ಚಿನವರಿಗೆ ಹದಿನಾರು, ಹದಿನೇಳು ವರ್ಷ. ಹದಿನೆಂಟು ತುಂಬದೆ ಮಾಮೂಲಿ ಸ್ಕೂಟರ್‌ಗೂ ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿಯ ನಂತರ, ಮಕ್ಕಳ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಜೈಲೂ ಆಗಬಹುದು. ಆದರೂ ಕೆಲವರು ಅಬ್ಬಾನ ಗಾಡಿ ತರುತ್ತಾರೆ, ಯಾರೆಂದು ನಾನು ಬರೆಯುವುದಿಲ್ಲ. ಕಾನೂನು ನಮಗೆ ಒಪ್ಪುವ ಸ್ವಂತ ವಾಹನ ಸೈಕಲ್ ಒಂದೇ ಎನ್ನಬಹುದು. ಅದಕ್ಕೆ ಹೆದ್ದಾರಿಯಲ್ಲಿ ಜಾಗವಿಲ್ಲ, ಊರಿನ ರಸ್ತೆಯಲ್ಲೂ ಜಾಗವಿಲ್ಲ. ಬಸ್ ಇದೆಯಲ್ಲ ಎನ್ನಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಕಾಲೇಜಿನ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ಮನೆಯಿಂದ ಬಸ್ ಸ್ಟಾಪಿನವರೆಗೆ, ಸ್ಟಾಪಿನಿಂದ ಕಾಲೇಜಿನವರೆಗೆ ಅವರು ನಡೆದೇ ಬರಬೇಕು. ನಡೆಯುವುದೋ, ರಸ್ತೆಯ ಅಂಚಿನ ಬಿಳಿ ಗೆರೆಯ ಮೇಲೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲಿ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ, ಅಡ್ಡಿಯಿಲ್ಲದೆ ಇರಬೇಕು, ಎತ್ತರ 150 ಮಿಲಿಮೀಟರ್ ದಾಟಬಾರದು ಎಂದಿದೆ. ಅಂದರೆ ನಾನಿಮಾ ಕೂಡ ಕೋಲು ಹಿಡಿದು ಹತ್ತಬಹುದಾದಷ್ಟು. ರಾಮನಗರದಿಂದ ಚನ್ನಪಟ್ಟಣಕ್ಕೆ ಸುಮಾರು 12 ಕಿಲೋಮೀಟರ್. ಅಷ್ಟೂ ಉದ್ದಕ್ಕೆ ಎರಡೂ ಬದಿ ಇಂಥ ಫುಟ್‌ಪಾತ್, ಅದರ ಪಕ್ಕ ಕಲ್ಲಿನ ಅಂಚು ಕಟ್ಟಿದ ಸೈಕಲ್ ದಾರಿ. ರಸ್ತೆಯಲ್ಲೇ ಜಾಗ ಮಾಡಿಕೊಳ್ಳಬಹುದು, ಯಾರ ಹೊಲವನ್ನೂ ಕೇಳಬೇಕಾಗಿಲ್ಲ.

ಕಲ್ಲಿನ ಅಂಚು ಎಂದು ಒತ್ತಿ ಹೇಳಲು ಕಾರಣವಿದೆ. 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸೈಕಲ್‌ಗೆಂದು ಪ್ರತ್ಯೇಕ ಪಥ ಮಾಡಿ ಕಂಬ ನೆಟ್ಟಿದ್ದರು. ಬೈಕ್‌ಗಳು ಅದರೊಳಗೇ ನುಗ್ಗಿದವು. ಅತ್ತ ಮೈಸೂರಿನಲ್ಲಿ 2017ರಲ್ಲೇ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂತು. ನಮ್ಮ ರಸ್ತೆಯ ಒಂದು ತುದಿಯೂ, ಇನ್ನೊಂದು ತುದಿಯೂ ಪ್ರಯತ್ನವನ್ನಾದರೂ ಮಾಡಿವೆ. ನಡುವಿನ ನಮ್ಮ ಪಾಲಿಗೆ ಬಂದದ್ದು ಬೈಪಾಸ್.

2025ರ ಮೇನಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಅದಕ್ಕೂ ಬಹಳ ಮೊದಲಿನಿಂದ ನಾವು ಬಿಎಂಆರ್‌ಡಿಎ ವ್ಯಾಪ್ತಿಯಲ್ಲೇ ಇದ್ದೇವೆ. ಹೆಸರಿನಲ್ಲಿ ಬೆಂಗಳೂರು ಬಂದಮೇಲೆ ಯೋಜನೆಯೂ ಬರಲಿ. ಊರೂರಿಗೆ ಬಿಡಿಬಿಡಿಯಾಗಿ ಮಾಡಿದರೆ ರಾಮನಗರದ ಫುಟ್‌ಪಾತ್ ನಗರಸಭೆಯ ಗಡಿಯಲ್ಲೇ ಮುಗಿಯುತ್ತದೆ. ನಾನು ಗಡಿಯಾಚೆಯಿಂದ ಬರುವವರ ಪೈಕಿ. ಕನಕಪುರ, ಮಾಗಡಿಗೆ ರೈಲೂ ಇಲ್ಲ. ಅಲ್ಲಿನವರಿಗೆ ಬಸ್ ಸ್ಟಾಪಿನವರೆಗಿನ ದಾರಿ ಇನ್ನೂ ಮುಖ್ಯ.

“ಈಗ ಸೈಕಲ್ ತುಳಿಯುವವರು ಯಾರಿದ್ದಾರೆ?” ಎಂದು ಅಬ್ಬಾ ನಕ್ಕರು. ಬೆಳಿಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಯ ಕಡೆ ನೋಡಿದರೆ ಉತ್ತರ ಸಿಗುತ್ತದೆ. ನೂಲು ತೆಗೆಯುವ ಕೆಲಸಕ್ಕೆ ಹೋಗುವ ಹೆಂಗಸರು ಗುಂಪಾಗಿ ನಡೆದು ಹೋಗುತ್ತಾರೆ. ಹಿಂದಿನಿಂದ ಹಾರ್ನ್ ಕೇಳಿದರೆ ಒಬ್ಬರ ಹಿಂದೊಬ್ಬರು ಸಾಲಾಗುತ್ತಾರೆ. ಅಂಗಡಿಯವರ ಭಯ ಇದಕ್ಕಿಂತ ನಿಜವಾದದ್ದು: ಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎನ್ನುತ್ತಾರೆ. ಅವರಿಗೆ ಅಡ್ಡರಸ್ತೆಗಳಲ್ಲಿ ನಿಲುಗಡೆ ಗುರುತಿಸಿಕೊಟ್ಟ ಮೇಲೆಯೇ ಕೆಲಸ ಶುರುವಾಗಬೇಕು. ಅವರನ್ನು ಎದುರು ಹಾಕಿಕೊಂಡು ಕಟ್ಟಿದ ಫುಟ್‌ಪಾತ್ ಆರು ತಿಂಗಳಲ್ಲಿ ಸಾಮಾನು ಇಡುವ ಕಟ್ಟೆಯಾಗುತ್ತದೆ.

ದಾರಿಯ ಮೇಲಿನ ಅಡ್ಡಿ ತೆಗೆಯುವುದು ಪುಣ್ಯದ ಕೆಲಸ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ನಮ್ಮ ಗೇಟಿನ ಎದುರು ಇರುವ ಅಷ್ಟಿಷ್ಟು ಫುಟ್‌ಪಾತ್ ಮೇಲೆ ಬೆಳಿಗ್ಗೆ ಒಂಬತ್ತೂವರೆಗೆ ನಿಂತಿರುವುದು ನಮ್ಮವೇ ಸ್ಕೂಟರ್‌ಗಳು, ಒಂದೆರಡು ಉಪನ್ಯಾಸಕರದೂ ಸೇರಿ. (ಸರ್, ಕ್ಷಮಿಸಿ.) ಅವನ್ನು ಒಳಗೆ ನಿಲ್ಲಿಸಲು ಪ್ರಾಂಶುಪಾಲರು ಅನುಮತಿ ಕೊಡಲಿ. ಬರುವ ಶನಿವಾರ ತರಗತಿ ಮುಗಿದ ಮೇಲೆ ಗೇಟಿನಿಂದ ಬಸ್ ನಿಲ್ದಾಣದವರೆಗೆ ಫುಟ್‌ಪಾತ್ ಎಲ್ಲೆಲ್ಲಿ ಎಷ್ಟು ಅಗಲವಿದೆ, ಎಲ್ಲಿ ಇಲ್ಲವೇ ಇಲ್ಲ ಎಂದು ಅಳೆದು ಬರೆದುಕೊಂಡು, ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಗೆ ಲಗತ್ತಿಸೋಣ. ಟೇಪ್ ನಾನು ತರುತ್ತೇನೆ. ಬರುವವರು ಗ್ರಂಥಾಲಯದ ಮೇಜಿನ ಮೇಲಿರುವ ಹಾಳೆಯಲ್ಲಿ ಹೆಸರು ಬರೆಯಿರಿ.