ಅಡುಗೆಮನೆಯ ಸಿಲಿಂಡರ್ ರಸ್ತೆಗಿಳಿದರೆ

"ಈ ತಿಂಗಳು ನಮ್ಮಲ್ಲಿ ಒಂದು ಸಿಲಿಂಡರ್ ಉಳಿದಿದೆ. ಕೇಳಿದವರಿಗೆ ನಾಲ್ಕು ಕಾಸು ಹೆಚ್ಚಿಗೆ ಪಡೆದು ಕೊಟ್ಟರೆ ತಪ್ಪೇನು?" ಎನ್ನುವ ಸಹೋದರಿಯರಿದ್ದಾರೆ. ಆದರೆ ಕೊಂಡವರು ಅದನ್ನು ಒಯ್ಯುವುದು ಅಡುಗೆಗೇ ಎಂದೇನಿಲ್ಲ. ರಸ್ತೆ ಬದಿಯ ಶೆಡ್ಡಿನಲ್ಲಿ ಪಂಪು ಹಚ್ಚಿ ಆಟೋಗೋ ಓಮ್ನಿಗೋ ತುಂಬಿಸುವವರೂ ಇದ್ದಾರೆ.

ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ಹರಡಿ ಚರಂಡಿ, ತಗ್ಗುಗಳಲ್ಲಿ ನಿಲ್ಲುತ್ತದೆ. ಬೀಡಿಯ ಒಂದು ಕಿಡಿ ಸಾಕು. 2015ರ ಸೆಪ್ಟೆಂಬರ್‌ನಲ್ಲಿ ಕುಮಟಾದ ಬರ್ಗಿಯಲ್ಲಿ ಅನಿಲ ಟ್ಯಾಂಕರ್ ಉರುಳಿದಾಗ ಹೆದ್ದಾರಿ ಪಕ್ಕದ ಮನೆಯವರೂ ಬೆಂದು ಪ್ರಾಣ ಬಿಟ್ಟರು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಟ್ಯಾಂಕರೊಂದು ಗಂಗಾವಳಿಗೆ ಬಿದ್ದಾಗ ಅದನ್ನು ಖಾಲಿ ಮಾಡಲು ತಜ್ಞರೇ ಬರಬೇಕಾಯಿತು. ಅಂಥ ವಸ್ತುವನ್ನು ಶೆಡ್ಡಿನ ಹುಡುಗನ ಕೈಗೆ ಕೊಡಬಹುದೇ?

ಅನಿಲದಲ್ಲಿ ಗಾಡಿ ಓಡಿಸುವುದು ತಪ್ಪಲ್ಲ. ಕಿಟ್ ಆರ್‌ಸಿಯಲ್ಲಿ ನಮೂದಾಗಿರಬೇಕು, ಅಧಿಕೃತ ಆಟೋ ಎಲ್‌ಪಿಜಿ ಬಂಕಿನಲ್ಲೇ ತುಂಬಿಸಬೇಕು. ಗಾಡಿಯ ಟ್ಯಾಂಕ್ ಶೇ. 80 ತುಂಬಿದೊಡನೆ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಬಂಕ್ ದೂರವಿದ್ದರೆ ಪೆಟ್ರೋಲಿನಲ್ಲಿ ಓಡಿಸಿ. 14.2 ಕಿಲೋದ ಮನೆಬಳಕೆ ಸಿಲಿಂಡರನ್ನು ಗಾಡಿಗೆ ಬಳಸುವುದು 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಅಪರಾಧ. 7 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ನೆರೆಯವರಿಗೆ ತೊಂದರೆ ಕೊಡದಿರುವುದು ಈಮಾನಿನ ಭಾಗ. ನಮ್ಮ ಸಿಲಿಂಡರ್ ಇನ್ನೊಬ್ಬರ ಮನೆ ಸುಡುವುದಾದರೆ ಆ ಹೆಚ್ಚಿನ ಕಾಸಿನಲ್ಲಿ ಬರಕತ್ ಎಲ್ಲಿಯದು? ಎಲ್ಲಾದರೂ ಅನಿಲದ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ದೂರ ಸರಿದು 1906ಕ್ಕೆ ಕರೆ ಮಾಡಿ.