ಶಾಲೆಯ ವ್ಯಾಯಾಮವು ಯಾರಿಗಾಗಿ?

ಪಂದ್ಯದಲ್ಲಿ ಬಹುಮಾನವು ಬಂದೊಡನೆ ಆ ಶಾಲೆಯಲ್ಲಿ ದೇಹಶಿಕ್ಷಣವು ಚೆನ್ನಾಗಿ ನಡೆಯುತ್ತಿದೆಯೆಂದು ಲೋಕವು ಭಾವಿಸುವುದು. ಇದು ಕೇವಲ ಭ್ರಾಂತಿ. ಸ್ವಭಾವತಃ ಬಲಿಷ್ಠರಾದ ಹತ್ತು ಮಂದಿ ಆಡುತ್ತಿರಲು, ಬಯಲಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟುವ ದುರ್ಬಲ ಬಾಲಕನಿಗೆ ದೊರೆತುದೇನು? ಲೆಕ್ಕದಲ್ಲಿ ಹಿಂದುಳಿದವರನ್ನು ಹೊರಗಿರಿಸಿ ಜಾಣರಿಗೆ ಮಾತ್ರ ಪಾಠ ಹೇಳುವ ಉಪಾಧ್ಯಾಯನನ್ನು ಯಾರೂ ಮೆಚ್ಚರು. ವ್ಯಾಯಾಮದಲ್ಲಾದರೋ ಈ ಅನ್ಯಾಯವೇ ಕೀರ್ತಿಯೆನಿಸಿಕೊಂಡಿದೆ.

2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಬಯಲು ಇರತಕ್ಕದ್ದೆಂದು ವಿಧಿಸಿತು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ದೇಹಶ್ರಮವು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಾರಿತು. ಇವೆರಡೂ ಸಕಲ ಬಾಲಕಬಾಲಿಕೆಯರನ್ನು ಕುರಿತ ಮಾತುಗಳೇ ಹೊರತು ಗೆಲ್ಲುವವರನ್ನಷ್ಟೇ ಕುರಿತವಲ್ಲ.

ಆದುದರಿಂದ ಹೆತ್ತವರು ಬೀರುವಿನೊಳಗಣ ಬೆಳ್ಳಿಯ ಬಟ್ಟಲುಗಳನ್ನೆಣಿಸುವುದನ್ನು ಬಿಟ್ಟು, ಎಲ್ಲರಿಗಿಂತ ಹಿಂದೆ ಓಡುವ ಮಗುವು ವರ್ಷಾಂತ್ಯಕ್ಕೆ ಎಷ್ಟು ಗಟ್ಟಿಯಾಯಿತೆಂದು ಕೇಳತಕ್ಕದ್ದು.